ಖಳನಿಗೆ ಗಾಯ ಕೊಟ್ಟರೆ ಸಾಲದು

ವಿಡಿಯೋ ಗೇಮ್‌ಗೆ ಕಥೆ ಬರೆಯಬೇಕೆಂಬ ಆಸೆ ಇಟ್ಟುಕೊಂಡ ಹುಡುಗ ಹುಡುಗಿಯರು ಈಗ ಊರೂರಲ್ಲೂ ಸಿಗುತ್ತಾರೆ. ಸಂತೋಷ. ಆದರೆ ಅವರು ಬರೆದದ್ದನ್ನು ಓದುವಾಗ ಒಂದು ಚಾಳಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ವಿಲನ್ ಕಾಲಿಟ್ಟನೋ ಇಲ್ಲವೋ, ಅವನ ಬಾಲ್ಯದ ಗೋಳು ಶುರು. ಅಪ್ಪ ಹೊಡೆದ, ಅಮ್ಮ ಬಿಟ್ಟುಹೋದಳು, ಊರು ಸುಟ್ಟುಹೋಯಿತು, ಪ್ರೀತಿಸಿದವಳು ಸತ್ತಳು. ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೂ ಅವನು ಎಂಥವನು ಎಂಬುದು ಮಾತ್ರ ತಿಳಿಯುವುದಿಲ್ಲ. ನೋವುಂಡವರು ಲೋಕದ ತುಂಬ ಇದ್ದಾರೆ, ಅವರೆಲ್ಲ ಊರಿಗೆ ಬೆಂಕಿ ಇಡುವುದಿಲ್ಲ. ಹಾಗಾಗಿ ಮೊದಲ ಮಾತು ಇದು: ಗಾಯ ಯಾರನ್ನೂ ಖಳನನ್ನಾಗಿ ಮಾಡುವುದಿಲ್ಲ, ಗಾಯವಾದ ಮೇಲೆ ಅವನು ಏನು ಮಾಡಿದ ಎಂಬುದು ಮಾಡುತ್ತದೆ. ಹಳೆಯ ಕಥೆ ಒಗ್ಗರಣೆ ಇದ್ದಂತೆ. ಘಮ ಬೇಕು ನಿಜ, ಅದನ್ನೇ ಎಲೆಗೆ ಬಡಿಸಿ ಊಟ ಎನ್ನಬಾರದು.

ಎರಡನೆಯ ಮಾತು. ಎಲ್ಲ ಖಳರಿಗೂ ಆಳ ಬೇಕಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಬೌಸರ್ ರಾಜಕುಮಾರಿಯನ್ನು ಹೊತ್ತೊಯ್ಯುತ್ತಾನೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಬೇಕೆಂದು ಅನಿಸಲೂ ಇಲ್ಲ. ಆ ಆಟದ ಜೀವ ಇರುವುದು ನೆಗೆತದಲ್ಲಿ. ಅವನು ಸೇತುವೆಯ ಆ ತುದಿಯಲ್ಲಿ ನಿಂತು ಬೆಂಕಿ ಉಗುಳಿದರೆ ಅವನ ಕೆಲಸ ಮುಗಿಯಿತು. ಇನ್ನೂ ಹಿಂದೆ ಹೋದರೆ 1980ರ ಪ್ಯಾಕ್‌ಮ್ಯಾನ್. ಅಲ್ಲಿನ ನಾಲ್ಕು ದೆವ್ವಗಳಿಗೆ ಕಥೆಯೂ ಇಲ್ಲ, ಮಾತೂ ಇಲ್ಲ. ಆದರೂ ಕೆಂಪು ದೆವ್ವ ಬೆನ್ನು ಬಿಡದೆ ಅಟ್ಟಿಸಿಕೊಂಡು ಬರುತ್ತದೆ. ಗುಲಾಬಿ ದೆವ್ವ ನೀವು ಹೋಗುವ ದಾರಿಗೆ ಮೊದಲೇ ಹೋಗಿ ಅಡ್ಡಗಟ್ಟಲು ನೋಡುತ್ತದೆ. ಕಿತ್ತಳೆ ಬಣ್ಣದ್ದು ಹತ್ತಿರ ಬಂದಂತೆ ಮಾಡಿ ತಿರುಗಿ ಓಡುತ್ತದೆ. ಒಂದು ಸಾಲು ಸಂಭಾಷಣೆ ಇಲ್ಲದೆ ಮೂರು ಸ್ವಭಾವ ಮೂಡಿತು ನೋಡಿ. ಆಟದಲ್ಲಿ ನಡತೆಯೇ ಪಾತ್ರ. ನಿಮ್ಮ ಖಳ ಏನು ಹೇಳುತ್ತಾನೆ ಎಂದು ಬರೆಯುವ ಮೊದಲು ಅವನು ಹೇಗೆ ಓಡುತ್ತಾನೆ, ಹೇಗೆ ಹೊಡೆಯುತ್ತಾನೆ, ಯಾವಾಗ ಹಿಂದೆ ಸರಿಯುತ್ತಾನೆ ಎಂದು ಬರೆದುಕೊಳ್ಳಿ.

ಹಾಗಾದರೆ ಟೊಳ್ಳು ಎಂದು ಯಾರನ್ನು ಕರೆಯಬೇಕು? ಕಥೆ ಅವನನ್ನು ಗಂಭೀರವಾಗಿ ತೆಗೆದುಕೊಳ್ಳಿ ಎಂದು ಕೇಳುತ್ತದೆ, ಅವನ ಹತ್ತಿರ ಕೊಡಲು ಏನೂ ಇರುವುದಿಲ್ಲ, ಅಂಥವನು ಟೊಳ್ಳು. 2007ರ ಬಯೋಶಾಕ್ ಆಟದಲ್ಲಿ ಇದಕ್ಕೂ ಇದರ ವಿರುದ್ಧಕ್ಕೂ ಒಟ್ಟಿಗೆ ಉದಾಹರಣೆ ಇದೆ. ಆಂಡ್ರ್ಯೂ ರಯಾನ್ ಎಂಬ ಸಿರಿವಂತ ಸರ್ಕಾರ ಬೇಡ, ದೇವರು ಬೇಡ, ದುಡಿದವನ ಬೆವರು ದುಡಿದವನಿಗೇ ಸೇರಬೇಕು ಎಂದು ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ರ‍್ಯಾಪ್ಚರ್ ಎಂಬ ನಗರ ಕಟ್ಟುತ್ತಾನೆ. ಕೊನೆಗೆ ಕಳ್ಳಸಾಗಣೆದಾರರಿಗೆ ಮರಣದಂಡನೆ ವಿಧಿಸುವವನೂ ಅವನೇ, ಎದುರಾಳಿಯ ಕಂಪನಿಯನ್ನು ಕಿತ್ತುಕೊಳ್ಳುವವನೂ ಅವನೇ. ಯಾವುದರಿಂದ ಓಡಿಬಂದನೋ ಅದೇ ಆಗಿ ಕೂತ. ನಿಮ್ಮ ಮುಂದೆ ನಿಂತಾಗಲೂ ಅವನು ಜಗಳಕ್ಕೆ ಬರುವುದಿಲ್ಲ. ಗಾಲ್ಫ್ ಕೋಲನ್ನು ನಿಮ್ಮ ಕೈಗೇ ಕೊಟ್ಟು, ನೀವು ಇಷ್ಟು ಹೊತ್ತು ಬೇರೊಬ್ಬನ ಅಪ್ಪಣೆಯಂತೆ ಕುಣಿದ ಗೊಂಬೆ ಎಂದು ತೋರಿಸಿ, ತನ್ನನ್ನು ಕೊಲ್ಲೆಂದು ಆಜ್ಞೆ ಮಾಡುತ್ತಾನೆ. ಆ ಗಳಿಗೆಯಲ್ಲಿ ಕಂಟ್ರೋಲರ್ ನಿಮ್ಮ ಮಾತು ಕೇಳುವುದಿಲ್ಲ. ಏಟು ಬೀಳುತ್ತಾ ಹೋಗುತ್ತದೆ, ನೀವು ನೋಡುತ್ತಾ ನಿಲ್ಲುತ್ತೀರಿ.

ಆ ಆಜ್ಞೆಗಳ ಹಿಂದೆ ಇದ್ದವನು ಫ್ರಾಂಕ್ ಫಾಂಟೇನ್. ರೇಡಿಯೋದಲ್ಲಿ ಅಟ್ಲಾಸ್ ಎಂಬ ಹೆಸರಿನಲ್ಲಿ ಹೆಂಡತಿ ಮಗುವಿಗಾಗಿ ಗೋಗರೆಯುತ್ತಿದ್ದಾಗ ಅವನು ಎಷ್ಟು ಚೆನ್ನಾಗಿದ್ದ! ಮುಖವಾಡ ಕಳಚಿದ ಮೇಲೆ ಉಳಿದದ್ದು ದುಡ್ಡಿನಾಸೆ ಮತ್ತು ನಗು. ಕಡೆಯ ಕಾಳಗದಲ್ಲಿ ಮೈ ಉಬ್ಬಿಸಿಕೊಂಡ ರಾಕ್ಷಸನಾಗಿ ಬಂದು ಕಂಚಿನ ವಿಗ್ರಹದಂತೆ ನಿಲ್ಲುತ್ತಾನೆ. ಹೊಡೆದು ಬೀಳಿಸುತ್ತೀರಿ, ಮುಗಿಯಿತು. ರಯಾನ್‌ಗೆ ಒಂದು ನಂಬಿಕೆ ಇತ್ತು, ಅದನ್ನು ಅವನೇ ಮುರಿದ. ಫಾಂಟೇನ್‌ಗೆ ಮುರಿಯಲು ಏನೂ ಇರಲಿಲ್ಲ. ನಿಮ್ಮ ಖಳನ ಬಗ್ಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲೇ ಇದೆ: ಅವನಿಗೆ ತನ್ನದೆಂದು ಹೇಳಿಕೊಳ್ಳುವ ಒಂದು ನಿಯಮ ಇದೆಯೇ? ಅದನ್ನು ಮುರಿದಾಗ ಅವನಿಗೇ ನೋವಾಗುತ್ತದೆಯೇ?

ಹಾಗೆಂದು ಕನಿಕರ ಹುಟ್ಟಿಸದವನೆಲ್ಲ ಟೊಳ್ಳು ಎಂದುಕೊಳ್ಳಬೇಡಿ. 1994ರ ಫೈನಲ್ ಫ್ಯಾಂಟಸಿ ಸಿಕ್ಸ್‌ನ ಕೆಫ್ಕಾ ವಿದೂಷಕನ ವೇಷದ ಕ್ರೂರಿ. ಮರುಭೂಮಿಯ ನಡುವೆ ನಿಂತು ಬೂಟಿಗೆ ಮರಳು ಮೆತ್ತಿದೆ ಎಂದು ಸಿಪಾಯಿಗಳ ಕೈಲಿ ಒರೆಸಿಕೊಳ್ಳುತ್ತಾನೆ. ನಾವು ನಗುತ್ತೇವೆ. ಆಮೇಲೆ ಮರ್ಯಾದಸ್ಥ ಸೇನಾಪತಿ ಲಿಯೋ ಪಾಳೆಯ ಬಿಟ್ಟು ಹೋಗುವುದನ್ನೇ ಕಾದಿದ್ದು ಎದುರಾಳಿಗಳ ಕೋಟೆಯ ನೀರಿಗೆ ವಿಷ ಬೆರೆಸುತ್ತಾನೆ. ನಗು ಗಂಟಲಲ್ಲೇ ನಿಲ್ಲುತ್ತದೆ. ಮುಂದೆ ಅವನು ಲೋಕವನ್ನು ಹಾಳುಗೆಡವುವುದಾಗಿ ಬರೀ ಬೆದರಿಸುವುದಿಲ್ಲ, ಆಟದ ನಡುಮಧ್ಯದಲ್ಲಿ ಹಾಳುಗೆಡವಿಯೇ ಬಿಡುತ್ತಾನೆ. ನಾಯಕರು ಆ ಬೂದಿಯ ಮೇಲೆ ಮತ್ತೆ ಒಬ್ಬೊಬ್ಬರಾಗಿ ಕೂಡಿಕೊಳ್ಳಬೇಕು. ಖಳ ಗೆದ್ದರೆ ಅವನ ಗೆಲುವಿಗೆ ತೂಕ ಇರಲಿ, ಸೋಲಿಸಬೇಕೆಂಬ ಹಟ ತಾನಾಗಿ ಹುಟ್ಟುತ್ತದೆ.

ಈಗ ಮರುಕದ ಮಾತು. 2018ರ ಗಾಡ್ ಆಫ್ ವಾರ್‌ನಲ್ಲಿ ಬಾಲ್ಡರ್ ಎಂಬವನು ಕಥಾನಾಯಕ ಕ್ರೇಟೋಸ್‌ನ ಮನೆ ಬಾಗಿಲು ಬಡಿಯುತ್ತಾನೆ. ಸಣಕಲು ಮೈ, ಹಚ್ಚೆ, ಕೆಣಕುವ ಮಾತು. ಎಷ್ಟು ಹೊಡೆದರೂ ನಗುತ್ತಾನೆ. ಮಗ ಸಾಯಬಾರದೆಂದು ತಾಯಿ ಫ್ರೇಯಾ ಹಾಕಿದ ಮಂತ್ರ ಅದು. ಸಾವು ತಟ್ಟುವುದಿಲ್ಲ, ಅದರ ಜೊತೆಗೆ ನೋವು, ರುಚಿ, ಬೆಚ್ಚಗೆ, ತಣ್ಣಗೆ ಒಂದೂ ತಟ್ಟುವುದಿಲ್ಲ. ಬರೆದವರ ಜಾಣತನ ಗಮನಿಸಿ. ಈ ಸಂಕಟವನ್ನು ಯಾವುದೋ ಪೆಟ್ಟಿಗೆಯೊಳಗಿನ ಡೈರಿಯಲ್ಲಿ ಬಚ್ಚಿಡಲಿಲ್ಲ. ಮೊದಲ ಕಾಳಗದಲ್ಲೇ ಅವನ ಮೈಮೇಲೆ ಬರೆದರು. ನಿಮ್ಮ ಪೆಟ್ಟು ಅವನಿಗೆ ತಾಗದಿದ್ದಾಗಲೇ ನಿಮಗೆ ಅದು ಗೊತ್ತಾಗಿರುತ್ತದೆ, ಅರ್ಥ ಆಮೇಲೆ ತೆರೆಯುತ್ತದೆ. ಕೊನೆಯಲ್ಲಿ ಕ್ರೇಟೋಸ್‌ನ ಮಗ ಅಟ್ರೇಯಸ್‌ನ ಎದೆಪಟ್ಟಿಗೆ ಸಿಕ್ಕಿಸಿದ್ದ ಬಾಣದ ಮೊನೆ ಬಾಲ್ಡರ್‌ನ ಕೈಗೆ ಚುಚ್ಚಿ ಮಂತ್ರ ಒಡೆಯುತ್ತದೆ. ಬಾಲ್ಡರ್ ನೋವಿನಿಂದ ಕುಣಿದಾಡುವಷ್ಟು ಹಿಗ್ಗುತ್ತಾನೆ. ಆ ಹಿಗ್ಗನ್ನು ನೋಡಿ ಕರಗದವರು ಕಡಿಮೆ.

ಆದರೆ ಕಥೆ ಅಲ್ಲಿಗೇ ಅವನನ್ನು ಬಿಟ್ಟುಬಿಡುವುದಿಲ್ಲ. ಸೋತ ಅವನಿಗೆ ಕ್ರೇಟೋಸ್ ಪ್ರಾಣಭಿಕ್ಷೆ ಕೊಡುತ್ತಾನೆ. ಹೊರಟುಹೋಗುವ ದಾರಿ ತೆರೆದಿರುತ್ತದೆ. ಬಾಲ್ಡರ್ ತಿರುಗಿ ಬಂದು ತಾಯಿಯ ಕುತ್ತಿಗೆ ಹಿಸುಕುತ್ತಾನೆ. ಮರುಕ ಮತ್ತು ಮಾಫಿ ಬೇರೆ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಅವನ ಸಂಕಟ ನಮಗೆ ಅರ್ಥವಾಗಬೇಕು, ಅವನ ಕೈಯನ್ನು ಮಾತ್ರ ತಡೆಯಲೇಬೇಕು. ಎರಡೂ ಏಕಕಾಲಕ್ಕೆ ನಿಜವಾಗಿದ್ದಾಗಲೇ ಪಾತ್ರ ಮನಸ್ಸಿನಲ್ಲಿ ಉಳಿಯುವುದು.

ದುರಂತ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. 2002ರ ವಾರ್‌ಕ್ರಾಫ್ಟ್ ತ್ರೀ ಆಡಿದವರು ಆರ್ಥಸ್‌ನನ್ನು ಮರೆತಿರಲಾರರು. ಪ್ರಜೆಗಳನ್ನು ಮನಸಾರೆ ಪ್ರೀತಿಸುವ ರಾಜಕುಮಾರ. ಸ್ಟ್ರಾಥೋಮ್ ಎಂಬ ಪಟ್ಟಣದ ಜನ ಸೋಂಕು ತಗುಲಿದ ಧಾನ್ಯ ತಿಂದಿದ್ದಾರೆ, ಇನ್ನೇನು ಹೆಣಭೂತಗಳಾಗಿ ಏಳುತ್ತಾರೆ. ಅದಕ್ಕೆ ಮೊದಲೇ ಎಲ್ಲರನ್ನೂ ಕೊಂದುಬಿಡೋಣ ಎನ್ನುತ್ತಾನೆ. ಗುರು ಊದರ್ ಒಲ್ಲೆ ಎನ್ನುತ್ತಾನೆ. ಪ್ರೀತಿಸಿದ ಜೈನಾ ಬೆನ್ನು ತಿರುಗಿಸಿ ನಡೆಯುತ್ತಾಳೆ. ಆಮೇಲೆ ಮೌಸ್ ನಿಮ್ಮ ಕೈಯಲ್ಲಿ. ಒಂದೊಂದೇ ಮನೆ ಒಡೆದು ಒಳಗಿದ್ದವರನ್ನು ಮುಗಿಸಬೇಕು. ರಾಕ್ಷಸ ಮಾಲ್‌ಗ್ಯಾನಿಸ್ ನೂರು ಜನರನ್ನು ತನ್ನವರನ್ನಾಗಿ ಮಾಡಿಕೊಳ್ಳುವ ಮೊದಲು ನೀವು ನೂರು ಮುಗಿಸಬೇಕು, ಪರದೆಯ ಮೇಲೆ ಲೆಕ್ಕ ಓಡುತ್ತಿರುತ್ತದೆ. ಲೆಕ್ಕದ ಅವಸರದಲ್ಲಿ ನಿಮಗೆ ಅಳಲು ಪುರುಸೊತ್ತೇ ಇರುವುದಿಲ್ಲ. ಆರ್ಥಸ್‌ಗೂ ಇರಲಿಲ್ಲ.

ಮುಂದೆ ಹಿಮದ ನಾಡಿನಲ್ಲಿ, ಸೈನಿಕರು ಊರಿಗೆ ಮರಳಬಾರದೆಂದು ತಮ್ಮದೇ ಹಡಗುಗಳನ್ನು ಬಾಡಿಗೆ ಬಂಟರ ಕೈಲಿ ಸುಡಿಸುತ್ತಾನೆ. ಆಮೇಲೆ ಆ ಬಂಟರೇ ತಪ್ಪಿತಸ್ಥರೆಂದು ಬೆರಳು ತೋರಿಸಿ ಅವರನ್ನೂ ಕೊಲ್ಲಿಸುತ್ತಾನೆ. ನನ್ನ ಲೆಕ್ಕದಲ್ಲಿ ಆರ್ಥಸ್ ಕೆಟ್ಟದ್ದು ಮುಂದೆ ಶಾಪದ ಕತ್ತಿಯೊಂದನ್ನು ಹಿಡಿದಾಗ ಅಲ್ಲ, ಈ ಸುಳ್ಳು ಹೇಳಿದಾಗ. ಕೊನೆಗೆ ಊರಿಗೆ ಮರಳುತ್ತಾನೆ, ಜನ ಗುಲಾಬಿ ದಳ ಚೆಲ್ಲಿ ಸ್ವಾಗತಿಸುತ್ತಾರೆ, ಸಿಂಹಾಸನದ ಮುಂದೆ ಮಂಡಿಯೂರಿ ಎದ್ದು ತಂದೆಯನ್ನೇ ಇರಿಯುತ್ತಾನೆ. ಕಿರೀಟ ನೆಲದ ಮೇಲೆ ಉರುಳುತ್ತದೆ. ಇದನ್ನು ಬಿಡಿಸಿ ನೋಡಿ: ಪ್ರತಿ ಹೆಜ್ಜೆಗೂ ಅವನ ಬಳಿ ಒಂದು ಕಾರಣವಿತ್ತು, ಪ್ರತಿ ಹೆಜ್ಜೆಯಲ್ಲೂ ಬೇಡ ಎನ್ನುವವರು ಒಬ್ಬರಿದ್ದರು, ಅವನನ್ನು ಬೀಳಿಸಿದ್ದು ಅವನ ದೊಡ್ಡ ಗುಣವೇ ಆದ ಪ್ರಜಾಪ್ರೇಮ. ದುರಂತಕ್ಕೆ ಈ ಮೂರೂ ಬೇಕು. ಬೇರೆ ದಾರಿಯೇ ಇಲ್ಲದವನ ಕಥೆ ದುಃಖದ್ದಾಗಬಹುದು, ದುರಂತ ಆಗಲಾರದು.

ಕನ್ನಡ ಓದುವ ನಿಮಗೆ ಇದು ಹೊಸ ಪಾಠವೇನಲ್ಲ. ಹತ್ತನೆಯ ಶತಮಾನದ ರನ್ನ ತನಗೆ ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಗದಾಯುದ್ಧ ಬರೆದ. ಗೆಲ್ಲುವವನು ಭೀಮ, ಓದುಗರ ಎದೆಯಲ್ಲಿ ಉಳಿದವನು ದುರ್ಯೋಧನ. ಅವನ ಬಾಲ್ಯದ ನೋವು ಹೇಳಿ ರನ್ನ ನಮ್ಮನ್ನು ಕರಗಿಸಲಿಲ್ಲ. ಸಂಜಯನೊಡನೆ ಹೆಣಗಳ ರಣರಂಗದಲ್ಲಿ ನಡೆಸಿದ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಎಲ್ಲರ ಹೆಣದ ಮುಂದೂ ಅವನು ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡು ಮನತುಂಬಿ ಹೊಗಳುತ್ತಾನೆ. ಆ ಒಂದು ಹೊಗಳಿಕೆ ಸಾಕು, ಅವನ ಎತ್ತರ ಅಳೆಯಲು. ಹಾಗೆಂದು ದ್ರೌಪದಿಗಾದ ಅವಮಾನವನ್ನು ಕಾವ್ಯ ಮರೆಯುವುದಿಲ್ಲ. ಬಿ.ಎಂ.ಶ್ರೀ ಅವರು ಇದೇ ಕಾವ್ಯವನ್ನು ಗ್ರೀಕ್ ದುರಂತದ ಅಚ್ಚಿನಲ್ಲಿ ನಾಟಕ ಮಾಡಿದ್ದು ಸುಮ್ಮನೆ ಅಲ್ಲ. ಗೇಮ್ ಬರೆಯುವವರು ಆ ರಣರಂಗದ ಭಾಗವನ್ನು ಒಮ್ಮೆ ಓದಿ ನೋಡಿ. ಅದು ಅಚ್ಚುಕಟ್ಟಾದ ಒಂದು ಲೆವೆಲ್: ಒಬ್ಬ ನಡೆಯುತ್ತಾನೆ, ನೋಡುತ್ತಾನೆ, ಮುಂದೆ ಹೋಗುತ್ತಾನೆ.

ಕಾವ್ಯಕ್ಕೂ ನಾಟಕಕ್ಕೂ ಇಲ್ಲದ ಒಂದು ಬಲ ಮಾತ್ರ ನಿಮ್ಮ ಕೈಯಲ್ಲಿದೆ. ಅದು ಆಡುವವನ ಬೆರಳು. 2004ರ ಮೆಟಲ್ ಗೇರ್ ಸಾಲಿಡ್ ತ್ರೀ ಆಟದ ಕೊನೆಯಲ್ಲಿ ಬಿಳಿ ಹೂವಿನ ಬಯಲಿನಲ್ಲಿ ನಾಯಕ ಸ್ನೇಕ್ ತನ್ನ ಗುರುವನ್ನೇ ಎದುರಿಸಬೇಕು. ಎಲ್ಲರೂ ದೇಶದ್ರೋಹಿ ಎನ್ನುವ ಅವಳ ಹೆಸರು ದ ಬಾಸ್. ಅವಳು ಸೋತು ನೆಲಕ್ಕೆ ಬಿದ್ದ ಮೇಲೆ, ಬಂದೂಕು ಅವಳತ್ತ ನೆಟ್ಟ ಮೇಲೆ, ಆಟ ನಿಂತುಬಿಡುತ್ತದೆ. ಗುಂಡು ಹಾರಿಸುವ ಗುಂಡಿಯನ್ನು ನೀವೇ ಒತ್ತಬೇಕು. ಅವಳು ದ್ರೋಹಿಯಾಗಿರಲಿಲ್ಲ, ದೇಶದ ಆಜ್ಞೆಯಂತೆ ಆ ಕಳಂಕ ಹೊತ್ತಿದ್ದಳು ಎಂಬುದು ಒತ್ತಿದ ಮೇಲೆ ತಿಳಿಯುತ್ತದೆ. 2005ರ ಶ್ಯಾಡೋ ಆಫ್ ದ ಕಲಾಸಸ್‌ನಲ್ಲಿ ಸತ್ತ ಹುಡುಗಿಯನ್ನು ಬದುಕಿಸಲು ಹದಿನಾರು ದೈತ್ಯಜೀವಿಗಳನ್ನು ಕೊಲ್ಲುತ್ತೀರಿ. ಅವುಗಳಲ್ಲಿ ಎಷ್ಟೋ ತಮ್ಮಷ್ಟಕ್ಕೆ ತಾವಿದ್ದವು. ಒಂದೊಂದು ಬಿದ್ದಾಗಲೂ ನಾಯಕನ ಮೈಬಣ್ಣ ಕಂದುತ್ತಾ ಹೋಗುತ್ತದೆ. ಖಳ ಯಾರೆಂದು ಆಟ ಬಾಯಿಬಿಟ್ಟು ಹೇಳುವುದೇ ಇಲ್ಲ.

2020ರ ದ ಲಾಸ್ಟ್ ಆಫ್ ಅಸ್ ಎರಡನೇ ಭಾಗ ಇನ್ನೂ ಧೈರ್ಯ ಮಾಡಿತು. ಆಟಗಾರರ ಅಚ್ಚುಮೆಚ್ಚಿನ ಜೋಯಲ್‌ನನ್ನು ಆರಂಭದಲ್ಲೇ ಕೊಂದ ಅಬ್ಬಿಯ ಪಾತ್ರವನ್ನು ಆಟದ ಉತ್ತರಾರ್ಧದಲ್ಲಿ ನೀವೇ ಆಡಬೇಕು. ಅವಳ ತಂದೆಯನ್ನು ಕೊಂದದ್ದು ಜೋಯಲ್, ಅದೂ ಮೊದಲ ಭಾಗದಲ್ಲಿ ನಿಮ್ಮದೇ ಕೈಯಿಂದ. ಎಷ್ಟೋ ಆಟಗಾರರು ಸಿಟ್ಟಾದರು. ಆ ಸಿಟ್ಟಿನಲ್ಲೂ ಪಾಠವಿದೆ: ಕೃತ್ಯ ಮೊದಲು, ಕಾರಣ ಆಮೇಲೆ ಎಂಬ ಕ್ರಮದಲ್ಲಿ ಹೇಳಿದರೆ ಕೊಟ್ಟ ತೀರ್ಪನ್ನು ಆಟಗಾರ ತಾನೇ ಹಿಂದಕ್ಕೆ ಪಡೆಯಬೇಕಾಗುತ್ತದೆ. ಅದು ಯಾರಿಗೂ ಸುಲಭವಲ್ಲ. ಬರೆಯುವವರು ಆ ಅಪಾಯ ತಿಳಿದೇ ಕೈ ಹಾಕಬೇಕು.

ಇನ್ನು ಕೆಲವು ಬೇಡಗಳು. ಮುಖದ ಕಲೆ, ಕುಂಟು ಕಾಲು, ಮನಸ್ಸಿನ ಕಾಯಿಲೆಗಳನ್ನು ಕ್ರೌರ್ಯಕ್ಕೆ ಕಾರಣವಾಗಿ ಬಳಸಬೇಡಿ. ಅದು ಸೋಮಾರಿತನವೂ ಹೌದು, ಅನ್ಯಾಯವೂ ಹೌದು. ನೀನೂ ನನ್ನಂತೆಯೇ ಎಂಬ ಸಂಭಾಷಣೆ ಖಳನ ಬಾಯಿಂದ ಬರುವುದು ಬೇಡ; ನಿಜವಾಗಿದ್ದರೆ ಆಟಗಾರನಿಗೆ ತಾನಾಗಿ ಹೊಳೆಯುತ್ತದೆ. ಸಾಯುವ ಹೊತ್ತಿನಲ್ಲಿ ಆತುರಾತುರವಾಗಿ ಕಣ್ಣೀರು ಹಾಕಿಸಬೇಡಿ.

ಕಡೆಯದಾಗಿ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಖಳನ ಬಾಲ್ಯದ ಪುಟಗಳನ್ನು ಪಕ್ಕಕ್ಕಿಡಿ. ಅವನು ಕೈಗೊಂಡ ಒಂದೇ ಒಂದು ತೀರ್ಮಾನವನ್ನು ಬರೆಯಿರಿ. ಎದುರಿಗೆ ಎರಡು ದಾರಿ ಇರಲಿ. ಬೇಡ ಎನ್ನಲು ಅವನನ್ನು ಪ್ರೀತಿಸುವವರು ಒಬ್ಬರು ಪಕ್ಕದಲ್ಲಿರಲಿ. ಸಾಧ್ಯವಾದರೆ ಆ ಹೆಜ್ಜೆಯನ್ನು ಆಟಗಾರನ ಬೆರಳಿನಿಂದಲೇ ಇಡಿಸಿ. ಇಷ್ಟು ಬರೆದು ಅದು ನಿಂತರೆ, ಬಾಲ್ಯದ ಕಥೆ ಬೇಕೇ ಬೇಡವೇ ಎಂದು ಆಮೇಲೆ ಯೋಚಿಸಿ. ನಿಲ್ಲದಿದ್ದರೆ ನಾಚಿಕೆ ಬೇಡ, ಅವನನ್ನು ಬೌಸರ್‌ನಂತೆ ಸೇತುವೆಯ ಮೇಲೆ ನಿಲ್ಲಿಸಿ ಬೆಂಕಿ ಉಗುಳಲು ಬಿಡಿ. ಒಳ್ಳೆಯ ಆಟಕ್ಕೆ ಅದೂ ಸಾಕಾಗುತ್ತದೆ. ಸುಳ್ಳು ಕಣ್ಣೀರಿನ ಖಳನಿಂದ ಮಾತ್ರ ಯಾವ ಆಟವೂ ಉದ್ಧಾರವಾಗುವುದಿಲ್ಲ.