ಈಶಾನ್ಯದಲ್ಲಿ ಅಡುಗೆಮನೆ ಇದ್ದರೆ ಗೋಡೆ ಒಡೆಯಬೇಕೇ?



ಈ ವಾರದ ಪಾಠ ವಾಸ್ತು. "ರೂಮಿನಲ್ಲಿ ಪೀಠ ಯಾವ ಕಡೆ ಇಡಬೇಕು ಸ್ವಾಮಿ?", "ಈಶಾನ್ಯದಲ್ಲಿ ಬಾತ್‌ರೂಮ್ ಇದೆ, ವ್ರತಕ್ಕೆ ದೋಷವೇ?" ಎಂದು ಪ್ರತಿ ವರ್ಷ ಕೇಳುತ್ತೀರಿ. ನಾನು ಪಂಡಿತನಲ್ಲ. ಡಿಪ್ಲೊಮಾ ಮುಗಿಸಿ ಐಟಿ ಸಪೋರ್ಟ್‌ನಲ್ಲಿ ಕೆಲಸ ಮಾಡುವವನು. ನಮ್ಮ ಮನೆಗೇ ಈ ಪ್ರಶ್ನೆ ಬಂದಾಗ ಓದಿ, ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ನಮ್ಮೂರು ಸೇಡಂ ಕಡೆ. ಅಪ್ಪ ಸಾಲ ಮಾಡಿ ಮನೆ ಕಟ್ಟಿಸಿದರು. ಜಾಗ ಇದ್ದ ಹಾಗೆ ಅಡುಗೆಮನೆ ಈಶಾನ್ಯಕ್ಕೆ ಬಂತು. ಮನೆ ಹೊಕ್ಕ ಆರು ತಿಂಗಳಿಗೆ ಅವ್ವನಿಗೆ ಕೆಮ್ಮು ಹತ್ತಿತು. ಸಂಬಂಧಿಕರು ಕರೆತಂದ ಒಬ್ಬ ವಾಸ್ತು ಸಲಹೆಗಾರರು, "ಈಶಾನ್ಯದಲ್ಲಿ ಬೆಂಕಿ ಇಟ್ಟಿದ್ದೀರಿ, ಮನೆಯ ಹೆಣ್ಣುಮಗಳಿಗೆ ಕಂಟಕ" ಎಂದರು. ಅಡುಗೆಮನೆ ಒಡೆದು ಆಗ್ನೇಯಕ್ಕೆ ಕಟ್ಟಲು 2.5 ಲಕ್ಷ ರೂಪಾಯಿ ಲೆಕ್ಕವಾಯಿತು. ಅಪ್ಪ ಮತ್ತೆ ಸಾಲಕ್ಕೆ ಓಡಾಡತೊಡಗಿದರು. ಅವ್ವ ತನ್ನ ಒಲೆ ಹಚ್ಚಲಿಕ್ಕೇ ಹೆದರುತ್ತಿದ್ದಳು.

ಆ ವರ್ಷ ಮಾಲೆ ಹಾಕಿದಾಗ ಗುರುಸ್ವಾಮಿಗಳ ಮುಂದೆ ಇದನ್ನು ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ಮಲೆಗೆ ಹೋಗುವಾಗ ಕೇರಳದ ಹಳೆಯ ಮನೆಗಳನ್ನು ನೋಡಿದ್ದೀರಲ್ಲ ಸ್ವಾಮಿ, ಅಲ್ಲಿ ಒಲೆ ಎಲ್ಲಿರುತ್ತದೆ?"

ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಶುರುವಾಯಿತು ನನ್ನ ಓದು.

1. ಮೊದಲು ನೆಲ

6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೆಲದ ಪರೀಕ್ಷೆ ಇದೆ. ಒಂದು ಮೊಳ ಗುಂಡಿ ತೋಡಿ, ಅದೇ ಮಣ್ಣನ್ನು ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಆ ಜಾಗ ಬೇಡ. ಗಟ್ಟಿ ನೆಲದ ಮಣ್ಣು ಅಗೆದಾಗ ಉಬ್ಬುತ್ತದೆ, ಅದಕ್ಕೇ ಮಿಗುತ್ತದೆ. ನಮ್ಮ ಕಡೆ ಎರೆಭೂಮಿಯಲ್ಲಿ ಮನೆ ಕಟ್ಟಿ ಗೋಡೆ ಬಿರುಕು ಬಿಟ್ಟದ್ದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

2. ಆಮೇಲೆ ದಿಕ್ಕು

ನೆಲದಲ್ಲಿ ಒಂದು ಗೂಟ ನೆಟ್ಟು, ಸುತ್ತ ವೃತ್ತ ಬರೆಯುತ್ತಿದ್ದರು. ಗೂಟದ ನೆರಳಿನ ತುದಿ ಬೆಳಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ವೃತ್ತವನ್ನು ಮುಟ್ಟುತ್ತದೆ. ಆ ಎರಡು ಗುರುತು ಸೇರಿಸಿದರೆ ಪೂರ್ವ-ಪಶ್ಚಿಮ ಗೆರೆ ಸಿಗುತ್ತದೆ. ಗೂಟಕ್ಕೆ ಶಂಕು ಎಂದು ಹೆಸರು. ನಾವು ಇಂದಿಗೂ ಹೇಳುವ ಶಂಕುಸ್ಥಾಪನೆಯಲ್ಲಿ ಆ ಪದ ಉಳಿದಿದೆ.

3. ನಡುವೆ ಖಾಲಿ ಜಾಗ

ನಿವೇಶನವನ್ನು 9 ಸಾಲು, 9 ಕಂಬದ ಮನೆಗಳಾಗಿ ಭಾಗ ಮಾಡಿದರೆ 81 ಪದಗಳು. ಅದರಲ್ಲಿ 45 ದೇವತೆಗಳ ಸ್ಥಾನ. ಕೆಳಮುಖವಾಗಿ ಮಲಗಿದ ವಾಸ್ತುಪುರುಷನ ತಲೆ ಈಶಾನ್ಯಕ್ಕೆ, ಪಾದ ನೈರುತ್ಯಕ್ಕೆ. ನಟ್ಟನಡುವಿನ 9 ಪದ ಬ್ರಹ್ಮನದು. ಅಲ್ಲಿ ಭಾರ ಹೇರಬಾರದು. ನಮ್ಮ ತೊಟ್ಟಿಮನೆಯ ನಡುವಿನ ತೆರೆದ ಅಂಗಳ, ಕೇರಳದ ನಾಲುಕೆಟ್ಟಿನ ನಡುಮುಟ್ಟಂ, ಎರಡೂ ಇದನ್ನೇ ಪಾಲಿಸುತ್ತವೆ. ಕಲಬುರಗಿ ಕಡೆಯ ಮಾಳಿಗೆ ಮನೆಗಳಲ್ಲಿ ಅಂಗಳದ ಜಾಗ ಇಲ್ಲದಿದ್ದರೂ ಬೆಳಕಿಂಡಿಯಾದರೂ ಇರುತ್ತದೆ. ಮನೆಯ ನಡುವಿಗೆ ಬೆಳಕು, ಗಾಳಿ ಬರಬೇಕು.

4. ಊರಿಗೆ ತಕ್ಕ ಶಾಸ್ತ್ರ

ಆಗ್ನೇಯಕ್ಕೆ ಅಗ್ನಿ ಒಡೆಯ, ಈಶಾನ್ಯಕ್ಕೆ ಈಶಾನ. ಅದಕ್ಕೇ ನಮ್ಮ ಕಡೆಯೂ ತೆಲುಗರ ಕಡೆಯೂ ಒಲೆ ಆಗ್ನೇಯಕ್ಕೆ ಎನ್ನುತ್ತಾರೆ. ಇದು ಹಿರಿಯರ ಪದ್ಧತಿ, ಸರಿಯೇ. ಆದರೆ ಕೇರಳದ ಹಳೆಯ ಮನೆಗಳಲ್ಲಿ ಅಡುಗೆಮನೆ ಸಾಮಾನ್ಯವಾಗಿ ಉತ್ತರದ ಭಾಗದಲ್ಲಿ, ಹೆಚ್ಚಾಗಿ ಈಶಾನ್ಯ ಮೂಲೆಯಲ್ಲೇ ಇರುತ್ತದೆ, ಪಕ್ಕದಲ್ಲೇ ಬಾವಿ. ಅವರಿಗೂ ವಾಸ್ತು ಇದೆ. 16ನೇ ಶತಮಾನದ ಮನುಷ್ಯಾಲಯ ಚಂದ್ರಿಕೆ ಅವರದೇ ಗ್ರಂಥ. ನಮ್ಮ ಅಯ್ಯಪ್ಪನ ನಾಡಿನಲ್ಲಿ ತಲೆಮಾರುಗಳಿಂದ ಅನ್ನ ಬೇಯುತ್ತಿರುವ ಮೂಲೆ ನಮ್ಮವ್ವನಿಗೆ ಮಾತ್ರ ಕಂಟಕ ಹೇಗಾದೀತು?

ಎರಡೂ ಪದ್ಧತಿಯಲ್ಲಿ ಒಂದು ಸಾಮ್ಯ ಕಂಡಿತು. ಆಗ್ನೇಯವೂ ಈಶಾನ್ಯವೂ ಪೂರ್ವದ ಬದಿಯವೇ. ಬೆಳಗಿನ ಬಿಸಿಲು ಒಲೆಯ ಹತ್ತಿರ ಬೀಳುತ್ತದೆ. ಮಳೆಗಾಲದಲ್ಲಿ ಪಶ್ಚಿಮ, ನೈರುತ್ಯದಿಂದ ಬೀಸುವ ಗಾಳಿ ಹೊಗೆಯನ್ನು ಮನೆಯೊಳಕ್ಕೆ ತಳ್ಳದೆ ಹೊರಕ್ಕೆ ಒಯ್ಯುತ್ತದೆ. ಗ್ರಂಥಗಳು ಇದನ್ನು ದೇವತೆಗಳ ಹೆಸರಿನಲ್ಲಿ ಹೇಳುತ್ತವೆ. ಬಿಸಿಲು, ಗಾಳಿಯ ವಿವರಣೆ ನಮ್ಮ ಕಾಲದವರದು. ಎರಡನ್ನೂ ಬೆರೆಸದೆ ತಿಳಿದುಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಆದದ್ದು

ಸಪೋರ್ಟ್ ಕೆಲಸದಲ್ಲಿ ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದರೆ ಮೊದಲು ಪ್ಲಗ್ ನೋಡುತ್ತೇವೆ, ಮದರ್‌ಬೋರ್ಡ್ ಬಿಚ್ಚುವುದಿಲ್ಲ. ಅವ್ವನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಮೊದಲು ಕೇಳಿದ್ದೇ ಹೊಗೆಯ ಬಗ್ಗೆ. ನಮ್ಮ ಅಡುಗೆಮನೆಗೆ ಪೂರ್ವದ ಗೋಡೆಯಲ್ಲಿ ಕಿಟಕಿಯೇ ಇರಲಿಲ್ಲ! ಒಗ್ಗರಣೆಯ ಹೊಗೆ, ರೊಟ್ಟಿ ಸುಡುವ ಹೊಗೆ ಎಲ್ಲ ಒಳಗೇ ಸುತ್ತುತ್ತಿತ್ತು. ಗೌಂಡಿಯನ್ನು ಕರೆಸಿ ಕಿಟಕಿ ಇಡಿಸಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಖರ್ಚು 14 ಸಾವಿರ. ಔಷಧವೂ ನಡೆಯಿತು. ಕೆಮ್ಮು ಇಳಿಯಿತು. ಅದಕ್ಕಿಂತ ದೊಡ್ಡದು, ಅವ್ವನ ಹೆದರಿಕೆ ಹೋಯಿತು.

ಹೈದರಾಬಾದಿನಲ್ಲಿ ವಾಸ್ತುವಿನ ಮಾತು ಸಣ್ಣದಲ್ಲ. ತೆಲಂಗಾಣದ ಹಳೆಯ ಸಚಿವಾಲಯಕ್ಕೆ ವಾಸ್ತುದೋಷ ಇದೆ ಎಂದು ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ 2015ರಲ್ಲೇ ಹೇಳಿದ್ದರು. 2020ರಲ್ಲಿ ಅದನ್ನು ಕೆಡವಿದರು, 2023ರ ಏಪ್ರಿಲ್ 30ರಂದು ಹೊಸದು ಉದ್ಘಾಟನೆಯಾಯಿತು. ಸರ್ಕಾರಕ್ಕೆ ಅದು ಸಾಧ್ಯ. ತಿಂಗಳ ಸಂಬಳದ ನಮಗೆ, ಸಾಲದ ಮನೆಯ ಅಪ್ಪ-ಅಮ್ಮಂದಿರಿಗೆ ಸಾಧ್ಯವಿಲ್ಲ.

ಬಾಡಿಗೆ ರೂಮಿನ ಸ್ವಾಮಿಗಳಿಗೆ

- ಪೀಠ ಈಶಾನ್ಯ ಅಥವಾ ಪೂರ್ವದಲ್ಲಿ ಇಡಲು ಆದರೆ ಇಡಿ. ಆಗದಿದ್ದರೆ ರೂಮಿನಲ್ಲಿ ಅತ್ಯಂತ ಶುದ್ಧವಾದ, ಯಾರೂ ಕಾಲು ಚಾಚದ ಜಾಗ ಸಾಕು.
- ಮೊಬೈಲ್ ದಿಕ್ಸೂಚಿಯನ್ನು ಕಬ್ಬಿಣದ ಮಂಚ, ಲ್ಯಾಪ್‌ಟಾಪ್, ಸ್ಪೀಕರ್‌ನಿಂದ ದೂರ ಹಿಡಿಯಿರಿ. ಅಯಸ್ಕಾಂತ ಇರುವ ಕವರ್ ತೆಗೆಯಿರಿ. ಸೂರ್ಯ ಹುಟ್ಟಿದ ಕಡೆಯೇ ನೇರ ಪೂರ್ವ ಎಂದುಕೊಳ್ಳಬೇಡಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ದಕ್ಷಿಣಕ್ಕೆ ಸುಮಾರು 25 ಡಿಗ್ರಿ ವಾಲಿ ಹುಟ್ಟುತ್ತಾನೆ.
- ರೂಮಿನ ನಡುವಿನ ಜಾಗ ಖಾಲಿ ಇಡಿ. ಬ್ಯಾಗು, ಬಟ್ಟೆ ರಾಶಿ ಗೋಡೆ ಬದಿಗೆ ಸರಿಸಿ.
- ಬೆಳಗಿನ ಸ್ನಾನವಾದ ಮೇಲೆ ಕಿಟಕಿ ತೆರೆಯಿರಿ. ಬಾತ್‌ರೂಮ್ ಯಾವ ದಿಕ್ಕಿನಲ್ಲಿದ್ದರೂ ಒಣಗಿರಲಿ, ಬಾಗಿಲು ಮುಚ್ಚಿರಲಿ.
- ದೀಪ ಪರದೆಗೆ, ಗ್ಯಾಸಿಗೆ ದೂರ ಇರಲಿ. ಡ್ಯೂಟಿಗೆ ಹೊರಡುವಾಗ ಉರಿಯುವ ದೀಪ ಬಿಟ್ಟು ಹೋಗಬೇಡಿ.

ಸನ್ನಿಧಾನದಲ್ಲಿ ಸ್ವಾಮಿ ಪೂರ್ವಕ್ಕೆ ಮುಖ ಮಾಡಿ ಕುಳಿತಿದ್ದಾನೆ. ಆದರೆ ಇರುಮುಡಿ ಹೊತ್ತು ಬಂದವರನ್ನು ನಿಮ್ಮ ಮನೆ ಬಾಗಿಲು ಯಾವ ದಿಕ್ಕಿಗೆ ಎಂದು 18 ಮೆಟ್ಟಿಲ ಕೆಳಗೆ ಯಾರೂ ಕೇಳುವುದಿಲ್ಲ. ಊರಲ್ಲಿ ಯಾರಾದರೂ ನಿಮ್ಮ ಅಪ್ಪ-ಅಮ್ಮನಿಗೆ ಗೋಡೆ ಒಡೆಯಿರಿ ಎಂದಿದ್ದರೆ, ಈ ವಾರವೇ ಫೋನ್ ಮಾಡಿ. ಸಾಲಕ್ಕೆ ಸಹಿ ಹಾಕುವ ಮೊದಲು ಒಮ್ಮೆ ಕಿಟಕಿ ಎಲ್ಲಿದೆ ಎಂದು ಕೇಳಿ.

ಸ್ವಾಮಿಯೇ ಶರಣಂ ಅಯ್ಯಪ್ಪ.