ಹಿಂದಿನ ಗಾಲಿ ಚಿಕ್ಕದಾದರೆ

ನಿಮ್ಮ ಇ-ಬೈಕಿನ ಹಿಂದೆ 27.5 ಇಂಚಿನ ಗಾಲಿ ಹಾಕಿಸಬಹುದು, ಅವಸರ ಮಾತ್ರ ಬೇಡ. ನಿಮ್ಮ 29 ಇಂಚಿನ ಗಾಲಿಯ ರಿಮ್ 622 ಮಿ.ಮೀ., 27.5ರದ್ದು 584. ಅಷ್ಟೇ ದಪ್ಪದ ಟಯರ್ ಹಾಕಿದರೂ ಹಿಂದಿನ ಅಚ್ಚು 19 ಮಿ.ಮೀ. ತಗ್ಗುತ್ತದೆ, ಪೆಡಲ್ ಸುಮಾರು 12. ಪುಣೆಯ ವೇತಾಳ ಟೇಕಡಿಯಂಥ ಕಲ್ಲುದಾರಿಯಲ್ಲಿ ಪೆಡಲ್ ತಗುಲಿ ಬೀಳಲು ಅಷ್ಟೇ ಸಾಕು. ನನಗೆ ನಿಜವಾದ ಆತಂಕ ಇದೇ. ಗಿಡ್ಡ ಕ್ರ್ಯಾಂಕ್ ಹಾಕಿಸಿದರೆ ಸ್ವಲ್ಪ ಪರಿಹಾರ. ಚಿಕ್ಕ ಗಾಲಿಯಿಂದ ಇಳಿಜಾರಿನ ತಿರುವುಗಳು ಸಲೀಸಾಗುತ್ತವೆ. ಆದರೆ ಕಡಿದಾದ ಏರಿನಲ್ಲಿ ಮುಂದಿನ ಗಾಲಿ ಅತ್ತಿತ್ತ ಓಲಾಡುತ್ತದೆ.

ಮೋಟಾರು ಪೆಡಲ್ ಬಳಿಯಿದ್ದರೆ ಕೆಲಸ ಸುಲಭ. ಹಿಂದಿನ ಹಬ್ಬಿನಲ್ಲೇ ಇದ್ದರೆ ಕಡ್ಡಿಗಳನ್ನೆಲ್ಲ ಬದಲಿಸಿ ಹೊಸ ರಿಮ್ಮಿಗೆ ಕಟ್ಟಿಸಬೇಕು. ಮೋಟಾರಿನ ಸೆಟ್ಟಿಂಗ್‌ನಲ್ಲಿರುವ ಗಾಲಿಯ ಸುತ್ತಳತೆಯನ್ನು ಡೀಲರ್ ಬಳಿ ತಿದ್ದಿಸಲು ಮರೆಯಬೇಡಿ. ಇಲ್ಲವಾದರೆ ಗಂಟೆಗೆ 25 ಕಿ.ಮೀ. ವೇಗದವರೆಗೆ ಸಿಗಬೇಕಾದ ಮೋಟಾರಿನ ನೆರವು 24ಕ್ಕೂ ಮೊದಲೇ ನಿಂತುಹೋಗುತ್ತದೆ.