ಮೊದಲು ಕಲ್ಲು ಮುಟ್ಟು, ಆಮೇಲೆ ಪುಟ ಬರೆ

ಪುಟ್ಟಿ, ಭೂವಿಜ್ಞಾನ ಒಲಿಂಪಿಯಾಡ್‌ಗೆ ಓದುತ್ತಿದ್ದೀಯ, ಅದಕ್ಕೆಂದೇ ಕಲ್ಲು-ಖನಿಜಗಳ ಬೈಂಡರ್ ಕಟ್ಟುತ್ತಿದ್ದೀಯ ಎಂದು ನಿಮ್ಮಪ್ಪ ಹೇಳಿದ. ದೆಹಲಿಯ ದ್ವಾರಕಾದ ಫ್ಲ್ಯಾಟಿನಲ್ಲಿ ಬೆಳೆದ ಹುಡುಗಿಗೆ ಕಲ್ಲಿನ ಮೇಲೆ ಮನಸ್ಸು ಬಂದಿದೆಯಲ್ಲ ಎಂದು ತುಂಬ ಖುಷಿಯಾಯಿತು. ಅವನು ಕಳಿಸಿದ ಫೋಟೊ ನೋಡಿದೆ. ಇಂಟರ್‌ನೆಟ್ಟಿನಿಂದ ಇಳಿಸಿದ ಪುಟಗಳು, ಎ ಇಂದ ಝಡ್‌ವರೆಗೆ ಅಕ್ಷರದ ಸಾಲಿನಲ್ಲಿ, ಬಣ್ಣಬಣ್ಣದ ಅಂಟುಚೀಟಿಗಳೊಂದಿಗೆ. ಶ್ರಮ ಕಾಣುತ್ತದೆ. ಆದರೂ ಈ ದೊಡ್ಡಪ್ಪನ ಮಾತನ್ನು ಸ್ವಲ್ಪ ಕೇಳು.

ಅಮೆರಿಕದ ಸೈನ್ಸ್ ಒಲಿಂಪಿಯಾಡ್‌ನಲ್ಲಿ ಕಲ್ಲು-ಖನಿಜದ ಸ್ಪರ್ಧೆಗೆ ಮಕ್ಕಳು ಬೈಂಡರನ್ನು ಜೊತೆಗೇ ಒಯ್ಯುತ್ತಾರೆ. ನೀನು ಬರೆಯುವ ಪರೀಕ್ಷೆ ಹಾಗಲ್ಲ. ನಮ್ಮ ದೇಶದಲ್ಲಿ ಇದನ್ನು ಬೆಂಗಳೂರಿನ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಬೆಂಬಲ ನಿಮ್ಮೂರಿನ ಲೋಧಿ ರಸ್ತೆಯ ಪೃಥ್ವಿ ಭವನದಲ್ಲಿರುವ ಭೂವಿಜ್ಞಾನ ಸಚಿವಾಲಯದ್ದು. 2007ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಶುರುವಾದ ಅಂತರರಾಷ್ಟ್ರೀಯ ಒಲಿಂಪಿಯಾಡ್ 2013ರಲ್ಲಿ ನಮ್ಮ ಮೈಸೂರಿಗೇ ಬಂದಿತ್ತು. ಅಲ್ಲಿಯವರೆಗೆ ಹೋದವರಿಗೆ ಬರವಣಿಗೆಯ ಪರೀಕ್ಷೆಯಷ್ಟೇ ಅಲ್ಲ, ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಅಂಥ ಕಡೆ ಬೈಂಡರ್ ಮನೆಯಲ್ಲೇ ಉಳಿಯುತ್ತದೆ, ನಿನ್ನೊಂದಿಗೆ ಒಳಗೆ ಬರುವುದು ನಿನ್ನ ಕಣ್ಣು ಮತ್ತು ಕೈ. ಅವನ್ನು ಪಳಗಿಸುವಂತೆ ಬೈಂಡರ್ ಕಟ್ಟಬೇಕು.

ಅಕ್ಷರದ ಸಾಲನ್ನು ಮೊದಲು ಬಿಡು. ಮೇಜಿನ ಮೇಲೆ ಇಟ್ಟ ಕಲ್ಲು ತನ್ನ ಹೆಸರು ಹೇಳುವುದಿಲ್ಲ. ಹೆಸರು ಗೊತ್ತಿದ್ದರೆ ತಾನೇ ಅಕ್ಷರ ಹಿಡಿದು ಹುಡುಕುವುದು? ಕಣ್ಣಿಗೆ ಮೊದಲು ಬೀಳುವುದು ಹೊಳಪು. ಲೋಹದ ಹೊಳಪಿನವು ಒಂದು ಭಾಗ, ಉಳಿದವು ಇನ್ನೊಂದು. ಲೋಹದ ಹೊಳಪಿಲ್ಲದವನ್ನು ಮತ್ತೆ ಗಾಜನ್ನು ಗೀರುವವು, ಗೀರದವು ಎಂದು ಒಡೆ. ಆಮೇಲೆ ಸೀಳು ಹೇಗಿದೆ, ಅಂದರೆ ಖನಿಜ ಯಾವ ಸಮತಲಗಳಲ್ಲಿ ಒಡೆಯುತ್ತದೆ ಎಂದು ನೋಡು. ಬಣ್ಣವನ್ನು ಪುಟದ ಕೊನೆಗೆ ಬರೆ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಅದೇ. ಬೆಣಚುಕಲ್ಲೊಂದೇ ಬಿಳಿ, ಗುಲಾಬಿ, ನೇರಳೆ, ಹೊಗೆಬಣ್ಣ, ಎಲ್ಲದರಲ್ಲೂ ಸಿಗುತ್ತದೆ.

ಇನ್ನು ಜೋಡಿ ಪುಟಗಳು. ನಿನ್ನ ಬೈಂಡರಿನಲ್ಲಿ ಇವು ಒಂದೂ ಇಲ್ಲ, ನನ್ನ ಪ್ರಕಾರ ಅತಿ ಮುಖ್ಯವಾದವು ಇವೇ. ಒಂದನ್ನು ನೋಡಿ ಇನ್ನೊಂದು ಎಂದುಕೊಳ್ಳುವಂಥ ಖನಿಜಗಳನ್ನು ಎದುರುಬದುರು ಪುಟದಲ್ಲಿ ಇಡು. ಬೆಣಚುಕಲ್ಲು ಮತ್ತು ಕ್ಯಾಲ್ಸೈಟ್. ಹೆಮಟೈಟ್ ಮತ್ತು ಮ್ಯಾಗ್ನಟೈಟ್. ಪೈರೈಟ್ ಮತ್ತು ಚಾಲ್ಕೊಪೈರೈಟ್. ಪೈರಾಕ್ಸೀನ್ ಮತ್ತು ಆಂಫಿಬೋಲ್: ಇವೆರಡೂ ಕಪ್ಪಗಿರಬಹುದು, ಆದರೆ ಮೊದಲನೆಯದರ ಸೀಳುಗಳು ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ಕೂಡುತ್ತವೆ, ಎರಡನೆಯದರವು 56 ಮತ್ತು 124ರಲ್ಲಿ. ಎರಡು ಪುಟಗಳ ನಡುವಿನ ಅಂಚಿನಲ್ಲಿ ಒಂದೇ ಒಂದು ಸಾಲು ಬರೆ: ಇವನ್ನು ಬೇರ್ಪಡಿಸುವ ಪರೀಕ್ಷೆ ಯಾವುದು. ಆ ಸಾಲನ್ನು ಪುಸ್ತಕ ನೋಡಿ ಬರೆಯಬೇಡ, ಮಾಡಿ ನೋಡಿ ಬರೆ.

ಮಾಡುವ ಬಗೆ ಹೇಳುತ್ತೇನೆ. ದಪ್ಪ ಗಾಜಿನ ತುಂಡನ್ನು ಮೇಜಿನ ಮೇಲೆ ಮಲಗಿಸು, ಕೈಯಲ್ಲಿ ಹಿಡಿಯಬೇಡ. ಕಲ್ಲಿನ ಚೂಪು ಮೂಲೆಯನ್ನು ಒತ್ತಿ ಎಳೆ. ಬಿಳಿ ಗೆರೆ ಕಂಡೊಡನೆ ಗೀರಿತು ಎಂದು ಬರೆದುಬಿಡಬೇಡ. ಬೆರಳಿನಿಂದ ಒರೆಸು. ಗೆರೆ ಅಳಿಸಿಹೋದರೆ ಅದು ಕಲ್ಲು ಉದುರಿಸಿದ ಪುಡಿ, ಸೋತದ್ದು ಕಲ್ಲು. ಉಳಿದು ಉಗುರಿಗೆ ತಾಕಿದರೆ ಗಾಜು ಸೋತಿತು. ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಗಡಸುತನದ ಪಟ್ಟಿಯಲ್ಲಿ ಕ್ಯಾಲ್ಸೈಟ್ 3, ಬೆಣಚುಕಲ್ಲು 7. ಗಾಜು ಸುಮಾರು 5.5. ಇದನ್ನು ನೂರು ಸಲ ಓದಿದ ಮಕ್ಕಳೂ ಪುಡಿಯನ್ನು ಗೀರು ಎಂದುಕೊಂಡು ತಪ್ಪುತ್ತಾರೆ. ಗೀರುಬಣ್ಣಕ್ಕೆ, ಅಂದರೆ ಉಜ್ಜಿದಾಗ ಕಲ್ಲು ಬಿಡುವ ಗೆರೆಯ ಬಣ್ಣ ನೋಡಲು, ಸ್ನಾನದಮನೆ ಟೈಲಿನ ಹಿಂಬದಿ, ಹೊಳಪಿಲ್ಲದ ಬದಿ, ಸಾಕು. ಹೆಮಟೈಟ್ ಹೊರಗೆ ಎಷ್ಟೇ ಕಪ್ಪಗಿರಲಿ, ಅಲ್ಲಿ ಕೆಂಗಂದು ಗೆರೆ ಬಿಡುತ್ತದೆ. ಮ್ಯಾಗ್ನಟೈಟಿನದು ಕಪ್ಪು.

ಆಮ್ಲದ ಪರೀಕ್ಷೆಯನ್ನು ಶಾಲೆಯ ಲ್ಯಾಬಿನಲ್ಲಿ, ಟೀಚರ್ ಎದುರಿಗೆ, ಕಣ್ಣಿಗೆ ಕನ್ನಡಕ ಹಾಕಿಯೇ ಮಾಡು. ಕ್ಯಾಲ್ಸೈಟ್ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದೊಡನೆ ನೊರೆ ಏಳುತ್ತದೆ. ಡಾಲಮೈಟ್ ಆದರೆ ಪುಡಿ ಮಾಡಿದ ಮೇಲೆಯೇ ಚೆನ್ನಾಗಿ ನೊರೆಗಟ್ಟುವುದು. ಇದೂ ಒಂದು ಜೋಡಿ ಪುಟ.

ದೆಹಲಿಯಲ್ಲಿ ಕಲ್ಲೆಲ್ಲಿದೆ ಎಂದು ಕೇಳಬೇಡ. ನಿಮ್ಮ ಊರು ಅರಾವಳಿಯ ಬಾಲದ ಮೇಲೆಯೇ ಕೂತಿದೆ. ರಿಡ್ಜ್ ಎಂದು ನೀವು ಕರೆಯುವುದು ಕ್ವಾರ್ಟ್ಜೈಟ್ ಗುಡ್ಡ, ಒಂದು ಕಾಲದ ಮರಳು ಒತ್ತಡಕ್ಕೂ ಕಾವಿಗೂ ಸಿಕ್ಕು ಬೆಸೆದದ್ದು. ಈಸ್ಟ್ ಆಫ್ ಕೈಲಾಶ್ ಹತ್ತಿರ 1966ರಲ್ಲಿ ಪತ್ತೆಯಾದ ಅಶೋಕನ ಶಾಸನ ಇರುವುದೂ ಇಂಥದೇ ಬಂಡೆಯ ಮೇಲೆ. ಒಂದು ಭಾನುವಾರ ತುಘಲಕಾಬಾದಿನ ಕೋಟೆಗೆ ಹೋಗು, ಅದರ ಗೋಡೆ ಈ ಕ್ವಾರ್ಟ್ಜೈಟಿನದು. ಮುಂದಿನ ವಾರ ಹುಮಾಯೂನ್ ಸಮಾಧಿಗೆ ಹೋಗು, ಕೆಂಪು ಮರಳುಗಲ್ಲೂ ಬಿಳಿ ಅಮೃತಶಿಲೆಯೂ ಒಂದೇ ಗೋಡೆಯಲ್ಲಿ ಸಿಗುತ್ತವೆ. ಪುಟ್ಟ ಲೆನ್ಸ್ ಹಿಡಿದು ಹತ್ತಿರದಿಂದ ನೋಡು. ಮರಳುಗಲ್ಲಿನಲ್ಲಿ ಕಣಗಳು ಬಿಡಿಬಿಡಿಯಾಗಿ ತೋರುತ್ತವೆ, ಒಡೆದಾಗ ಬಿರುಕು ಕಣಗಳನ್ನು ಸುತ್ತಿಕೊಂಡು ಹೋಗಿರುತ್ತದೆ. ಕ್ವಾರ್ಟ್ಜೈಟಿನಲ್ಲಿ ಬಿರುಕು ಕಣಗಳನ್ನೇ ಸೀಳಿಕೊಂಡು ಹೋಗಿರುತ್ತದೆ. ನಾಣ್ಯವನ್ನು ಪಕ್ಕದಲ್ಲಿ ಹಿಡಿದು ಫೋಟೊ ತೆಗೆ, ಅಳತೆ ತಿಳಿಯುತ್ತದೆ. ಸ್ಮಾರಕದಿಂದಾಗಲಿ ಅಸೋಲಾ ಭಟ್ಟಿಯಂಥ ಅಭಯಾರಣ್ಯದಿಂದಾಗಲಿ ಒಂದು ಚೂರನ್ನೂ ಎತ್ತಬೇಡ. ಗ್ರಾನೈಟ್, ಕೋಟಾ ಕಲ್ಲು, ಮಾರ್ಬಲ್ ತುಂಡುಗಳು ಬೇಕಿದ್ದರೆ ಕಲ್ಲಿನಂಗಡಿಯವರನ್ನು ಕೇಳು, ಕತ್ತರಿಸಿ ಉಳಿದದ್ದನ್ನು ಸಂತೋಷವಾಗಿ ಕೊಡುತ್ತಾರೆ.

ಅಪ್ಪನಿಗೆ ರಜೆ ಸಿಕ್ಕರೆ ಒಮ್ಮೆ ಹರಿಯಾಣದ ಕಡೆ ಕರೆದುಕೊಂಡು ಹೋಗಲು ಹೇಳು. ಭಿವಾನಿ ಜಿಲ್ಲೆಯ ತೋಶಾಮ್ ಬೆಟ್ಟದಲ್ಲಿ ರಯೊಲೈಟ್ ಇದೆ, ಜ್ವಾಲಾಮುಖಿಯ ಕಲ್ಲು. ಚರಖಿ ದಾದ್ರಿ ಹತ್ತಿರದ ಕಲಿಯಾಣಾದಲ್ಲಿ ಬಾಗುವ ಮರಳುಗಲ್ಲು ಸಿಗುತ್ತದೆ. ತೆಳುವಾದ ಪಟ್ಟಿಯ ಎರಡು ತುದಿಗೆ ಆಧಾರ ಕೊಟ್ಟರೆ ನಡು ಮೆಲ್ಲಗೆ ಬಾಗುತ್ತದೆ! ಕಣಗಳು ಒಂದರೊಳಗೊಂದು ಸಡಿಲವಾಗಿ ಕೊಂಡಿ ಹಾಕಿಕೊಂಡಿರುವುದರಿಂದ ಅದಕ್ಕೆ ಆ ಗುಣ. ಪ್ರಪಂಚದಲ್ಲಿ ಅಪರೂಪದ ಈ ಕಲ್ಲು ರಾಜಧಾನಿ ವಲಯದೊಳಗೇ ಇದೆ. ಇದಕ್ಕೊಂದು ಇಡೀ ಪುಟ ಕೊಡು.

ಒಂದು ಖನಿಜಕ್ಕೆ ಒಂದೇ ಹಾಳೆ ಸಾಕು, ಮೇಲಿನರ್ಧ ನಿನ್ನ ಕೈಬರಹದಲ್ಲಿ ನೀನು ಕಂಡದ್ದು. ಕೆಳಗೆ ರಾಸಾಯನಿಕ ಸೂತ್ರ, ಸ್ಫಟಿಕದ ವ್ಯವಸ್ಥೆ, ಸಾಪೇಕ್ಷ ಸಾಂದ್ರತೆ, ನಮ್ಮ ದೇಶದಲ್ಲಿ ಸಿಗುವ ಜಾಗ. ಚಾಲ್ಕೊಪೈರೈಟಿಗೆ ಖೇತ್ರಿ, ಗೆಲೀನಾಕ್ಕೆ ಜಾವರ್, ಬೆರೈಟಿಗೆ ಮಂಗಂಪೇಟೆ ಎಂದು ಬರೆದರೆ ಭೂಪಟವೂ ಜೊತೆಗೆ ಬಾಯಿಗೆ ಬರುತ್ತದೆ. ಸಾಂದ್ರತೆಯನ್ನು ಮಾತ್ರ ಅಂಕಿಯಾಗಿ ಬಿಡಬೇಡ. ಒಂದೇ ಗಾತ್ರದ ಬೆಣಚುಕಲ್ಲನ್ನೂ ಗೆಲೀನಾವನ್ನೂ ಎರಡು ಅಂಗೈಯಲ್ಲಿ ತೂಗಿ ನೋಡು: 2.65 ಎಲ್ಲಿ, 7.5 ಎಲ್ಲಿ.

ರಾತ್ರಿ ಊಟವಾದ ಮೇಲೆ ಅಮ್ಮ ನಿನ್ನ ಕಲ್ಲುಗಳ ಡಬ್ಬಿಯಿಂದ ಯಾವುದಾದರೂ ಒಂದು ಕಲ್ಲು ತೆಗೆದುಕೊಡಲಿ. ಬೈಂಡರ್ ಮುಚ್ಚಿಟ್ಟು ಹೆಸರು ಹೇಳು. ತಪ್ಪಿದರೆ ಯಾವುದರ ಜೊತೆ ತಪ್ಪಿತು ಎಂದು ನೋಡಿಕೊಂಡು, ಅವೆರಡಕ್ಕೆ ಹೊಸ ಜೋಡಿ ಪುಟ ಮಾಡು. ಕಟ್ಟಿದ ಬೈಂಡರಿಗೂ ಬೆಳೆಯುವ ಬೈಂಡರಿಗೂ ಇರುವ ವ್ಯತ್ಯಾಸ ಅಲ್ಲಿದೆ.

ನಮ್ಮ ಕಡೆಯ ಕೆಲವು ಕಲ್ಲುಗಳನ್ನು ಒಂದು ಡಬ್ಬಿಗೆ ತುಂಬಿ ಈ ವಾರ ಅಂಚೆಗೆ ಹಾಕುತ್ತೇನೆ. ಮೇಲೆ ಹೆಸರು ಬರೆದಿರುವುದಿಲ್ಲ, ಅಂಕಿ ಮಾತ್ರ. ಯಾವ ಅಂಕಿಗೆ ಯಾವ ಕಲ್ಲು, ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಬರೆದು ಕಳಿಸು. ಉತ್ತರ ನನ್ನ ಹತ್ತಿರ ಇರುತ್ತದೆ.